ಲೊಚಗುಟ್ಟಿದ್ದು ಯಾರು

ಕುದುರೆ ಕದಲಲಿಲ್ಲ. ಅವನು ಹಿಮ್ಮಡಿಯಿಂದ ಇನ್ನೊಮ್ಮೆ ತಿವಿದ. ಮೈಬಣ್ಣದಿಂದಾಗಿ ಎಲ್ಲರ ಬಾಯಲ್ಲೂ ಬೂದಿ ಎನಿಸಿಕೊಂಡಿದ್ದ ಆ ಹೆಣ್ಣು ಕುದುರೆ ಎಡಗಿವಿಯೊಂದನ್ನು ಹಿಂದಕ್ಕೆ ತಿರುಗಿಸಿ, ಬೆನ್ನ ಮೇಲೆ ಕೂತಿರುವುದು ಏನೆಂದು ವಿಚಾರಿಸಿಕೊಂಡು, ವಿಶೇಷವೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಿವಿಯನ್ನು ಮೊದಲಿನ ಜಾಗಕ್ಕೆ ತಂದುಕೊಂಡಿತು. ಮರದ ಬೇಲಿ ಹಾಕಿದ ಅಂಗಳದ ನಟ್ಟನಡುವೆ ಹೊಸ ಮೇಡಂ ಕೈಕಟ್ಟಿ ನಿಂತಿದ್ದರು. ಕುಳ್ಳಗಿನ ಹೆಂಗಸು, ಅವನಿಗಿಂತ ಸಾಕಷ್ಟು ಚಿಕ್ಕವರು, ಮೊಣಕಾಲವರೆಗಿನ ಬೂಟಿಗೆ ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಸವಾರಿ ಕಲಿಸಲು ಈ ವಾರವಷ್ಟೇ ಬಂದವರು. ಬಾಯಿ ಬಿಡುತ್ತಿರಲಿಲ್ಲ. ಅದೇ ಅವನಿಗೆ ದಿಗಿಲು ಹುಟ್ಟಿಸಿದ್ದು. ಹಳೇ ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದವರಲ್ಲ. ಹೂಂ, ಭಲೇ, ಹಾಗೆ, ಬೆನ್ನು ನೆಟ್ಟಗೆ, ಬಂತು ಬಂತು ಎಂದು ಏನಾದರೊಂದು ಸದ್ದು ಮಾಡುತ್ತಲೇ ಇರುತ್ತಿದ್ದರು. ಆ ಗಂಟಲಿನ ಗುಂಗಿನಲ್ಲಿ ಆರೇಳು ವರ್ಷ ಅವನು ಈ ಅಂಗಳವನ್ನು ಸುತ್ತಿದ್ದ. ಇಡೀ ವಾರದಲ್ಲಿ ಅವನಿಗೆ ಹೆದರಿಕೆಯಾಗದ ಜಾಗ ಇದೊಂದೇ. ಕಚೇರಿಯಲ್ಲಿ ಮೇಲಧಿಕಾರಿ ಕರೆಗಂಟೆ ಬಾರಿಸಿದರೆ ಎದೆ ಧಸಕ್ಕೆನ್ನುತ್ತಿತ್ತು, ಮನೆಯಲ್ಲಿ ಫೋನು ಬಡಿದುಕೊಂಡರೆ ಧಸಕ್ಕೆನ್ನುತ್ತಿತ್ತು, ಒಲೆ ಆರಿಸಿದೆನೋ ಇಲ್ಲವೋ ಎಂದು ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತುತ್ತಿದ್ದ. ಕುದುರೆಯ ಮೇಲೆ ಕೂತಾಗ ಮಾತ್ರ ಈ ರಗಳೆ ಯಾವುದೂ ಇರಲಿಲ್ಲ. ಮೇಷ್ಟ್ರು ವಯಸ್ಸಾಯಿತೆಂದು ಕೆಲಸ ಬಿಟ್ಟು ಮಗಳ ಮನೆ ಸೇರಿದ್ದರು. ಈಗ ನೋಡಿದರೆ ನೆಲ ಎಷ್ಟೊಂದು ಕೆಳಗಿತ್ತು!

"ಸಾರ್, ಒಂದು ಮಾತು ಕೇಳ್ಲಾ?" ಎಂದರು ಮೇಡಂ, ಕೊನೆಗೂ. "ಕುದುರೆಗೆ ನೀವೀಗ ಏನು ಹೇಳ್ತಿದ್ದೀರಿ?"

"ನಡಿ ಅಂತ."

"ನಿಮ್ಮ ಕಾಲು ನಡಿ ಅಂತಿದೆ, ಸರಿ. ಕೈ ಏನಂತಿದೆ?"

ಅವನು ಕೈ ನೋಡಿಕೊಂಡ. ಲಗಾಮಿನ ಎರಡೂ ಎಳೆಗಳು ಅವನ ಹೊಟ್ಟೆಗೆ ಆತುಕೊಂಡಿದ್ದವು, ಗೆಣ್ಣುಗಳು ಬಿಳಿಚಿಕೊಂಡಿದ್ದವು. ಯಾವಾಗ ಎಳೆದುಕೊಂಡೆ ಎಂಬುದೇ ಅವನಿಗೆ ತಿಳಿದಿರಲಿಲ್ಲ.

"ಕೈ ನಿಲ್ಲು ಅಂತಿದೆ. ಪಾಪ, ಅದು ಯಾರ ಮಾತು ಕೇಳಬೇಕು ಹೇಳಿ. ಬಸ್ಸಲ್ಲಿ ನಿಂತು ಕಂಬಿ ಹಿಡಿದ ಹಾಗೆ ಹಿಡಿದಿದ್ದೀರಿ. ಅದು ಕಂಬಿ ಅಲ್ಲ ಸಾರ್, ಅದರ ಬಾಯಿ. ಮಂಡಿ ಬೇರೆ ಬಿಗಿಹಿಡಿದಿದ್ದೀರಿ. ಹಿಮ್ಮಡಿ ಮೇಲೆ, ಕಣ್ಣು ಕೆಳಗೆ. ಬೇಜಾರು ಮಾಡ್ಕೋಬೇಡಿ, ನೀವು ಕುದುರೆ ಮೇಲೆ ಕೂತಿಲ್ಲ, ನೇತಾಡ್ತಿದ್ದೀರಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು! ಪಕ್ಕದ ಅಂಗಳದಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳು ಹಗ್ಗ ಕಟ್ಟಿದ ಕುದುರೆಗಳ ಮೇಲೆ ಕೂತು ಇವನತ್ತಲೇ ನೋಡುತ್ತಿದ್ದವು. ಬೇಲಿಯಾಚೆ ಬೆಂಚಿನ ಮೇಲೆ ಹೆಂಡತಿ ಪತ್ರಿಕೆಯ ಪದಬಂಧ ಬಿಡಿಸುತ್ತ ಕೂತಿದ್ದಳು, ಪ್ರತಿ ಭಾನುವಾರದಂತೆ. ಅವಳ ಪೆನ್ನು ನಿಂತಿರುವುದು ತಲೆ ತಿರುಗಿಸದೆಯೂ ಅವನಿಗೆ ಗೊತ್ತಾಯಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಬೆನ್ನಿಗೂ ಒಂದು ಕಣ್ಣು ಬಂದಿರುತ್ತದೆ. ಇನ್ನೇನು ಬಂತು, ಈಗ ಬರುತ್ತದೆ ಎಂದುಕೊಳ್ಳುತ್ತಿರುವಾಗಲೇ ಬಂತು. ಲೊಚ್. ಹಲ್ಲಿನ ಹಿಂದೆ ನಾಲಿಗೆ ಅಂಟಿಸಿ ಕಿತ್ತ ಆ ಸಣ್ಣ ಸದ್ದು. ಅನ್ನ ತಳ ಹತ್ತಿದಾಗ, ಅವನು ಕೊಡೆ ಮರೆತು ಬಂದಾಗ, ಅಂಗಡಿಯವನು ಕೊಳೆತ ಟೊಮೆಟೊ ತುಂಬಿಕೊಟ್ಟದ್ದನ್ನು ಪಿಟ್ಟೆನ್ನದೆ ತಂದಾಗ ಬರುವ ಸದ್ದು. ಅವನು ರೂಢಿಯಂತೆ ತಲೆ ತಗ್ಗಿಸಿದ. ಅಷ್ಟರಲ್ಲಿ ಜೀನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ಅರೆ, ಬೂದಿ ನಡೆಯುತ್ತಿತ್ತು! ಎದೆಯೊಳಗೆ ಏನೋ ಬಿಚ್ಚಿಕೊಂಡಂತಾಗಿ ಅವನು ಬೆನ್ನು ಸೆಟೆಸಿದ. ಕಚೇರಿಯಲ್ಲಿ ಅವನನ್ನು ರಾವುತರು ಎಂದು ಕರೆಯುತ್ತಿದ್ದರು, ಅರ್ಧ ತಮಾಷೆಗೆ. ಏನ್ರೀ ರಾವುತರೇ, ಕುದುರೆ ಎಲ್ಲಿ ಕಟ್ಟಿ ಬಂದ್ರಿ ಎಂದು ಕೇಳುತ್ತಿದ್ದರು. ಉಳಿದರ್ಧ ಮರ್ಯಾದೆಯೇ ಎಂದು ಅವನು ನಂಬಿದ್ದ. ಆ ಅರ್ಧವನ್ನು ಈಗ ಮೇಡಂಗೆ ತೋರಿಸಿದ್ದೇನೆ ಅನ್ನಿಸಿತು.

"ನಡೆಯೋಕೆ ಹೇಳಿದ್ದು ಯಾರು?" ಎಂದರು ಮೇಡಂ.

"ನಾನೇ. ಸ್ವಲ್ಪ ಜೋರಾಗಿ ಒತ್ತಿದೆ."

"ನಿಲ್ಲಿಸಿ ನೋಡೋಣ." ನಿಲ್ಲಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ನಿಲ್ಲಿಸಿದ. ಮೇಡಂ ಬೆಂಚಿನ ಕಡೆ ತಿರುಗಿದರು. "ಅಕ್ಕಾ, ನೀವೇನಾದ್ರೂ ಅಂದ್ರಾ?"

"ನಾನಾ? ನಾನೇನೂ ಅನ್ನಲಿಲ್ಲವಲ್ಲ."

"ಬಾಯಲ್ಲೇನೋ ಸದ್ದು ಮಾಡಿದ್ರಿ."

"ಅಯ್ಯೋ, ಅದಾ? ಅದು ಸುಮ್ಮನೆ. ಇವರ ಅವಸ್ಥೆ ನೋಡಿ ಲೊಚ್ ಅಂತ..."

ಬೂದಿ ಹೊರಟಿತು. ಹೇಳಿದ ಮಾತಿಗೆ ಇಲ್ಲವೆನ್ನದ ಒಳ್ಳೆಯ ಮನೆತನದ ಕುದುರೆಯ ಹಾಗೆ ಕತ್ತು ತೂಗುತ್ತ ಹೊರಟಿತು. ಪಕ್ಕದ ಅಂಗಳದ ಮಕ್ಕಳು ಹೋ ಎಂದು ನಕ್ಕವು. ಹೆಂಡತಿಯೂ ನಕ್ಕಳು, ನಕ್ಕು ಬಾಯಿಗೆ ಪತ್ರಿಕೆ ಅಡ್ಡ ಹಿಡಿದುಕೊಂಡಳು. ನಗದವರು ಮೇಡಂ ಒಬ್ಬರೇ. ಅವರು ಹತ್ತಿರ ಬಂದು ಕಡಿವಾಣಕ್ಕೆ ಕೈಹಾಕಿ ನಿಲ್ಲಿಸಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆತ್ತಗೆ ಹೇಳಿದರು. ಮೇಷ್ಟ್ರು ಇಲ್ಲಿ ನಡುವೆ ನಿಂತು ನಾಲಿಗೆ ಲೊಟಗುಟ್ಟಿಸ್ತಿದ್ರಂತಲ್ಲ ಸಾರ್, ಇದು ಕಲಿತಿರೋದು ಆ ಸದ್ದು. ಇಷ್ಟು ವರ್ಷ ಇದನ್ನ ಓಡಿಸ್ತಿದ್ದದ್ದು ಅವರು. ನೀವು ಮೇಲೆ ಕೂತಿದ್ರಿ ಅಷ್ಟೇ. ತಪ್ಪು ನಿಮ್ಮದಲ್ಲ. ಆದ್ರೆ ಹಿಂಗೇ ಬಿಟ್ಟು ಬಯಲಿಗೆ ಕಳಿಸಿದ್ರೆ ಯಾರಾದ್ರೂ ನಾಲಿಗೆ ಆಡಿಸಿದ ಕಡೆ ಹೋಗುತ್ತೆ, ನಿಮ್ಮ ಪ್ರಾಣಕ್ಕೆ ನಾನು ಜವಾಬ್ದಾರಿ. ಬರೋ ಭಾನುವಾರ ಯಾರೂ ಸದ್ದು ಮಾಡಲ್ಲ, ನಾನೂ ಮಾಡಲ್ಲ. ನೀವೂ ನಾಲಿಗೆ ಬಳಸೋ ಹಾಗಿಲ್ಲ, ಬರೀ ಕಾಲು. ನಡೆಸಿದ್ರೆ ಒಟ್ಟಿಗೆ ಮೊದಲಿಂದ ತಿದ್ದೋಣ. ಆಗಲಿಲ್ಲ ಅಂದ್ರೆ ಹಗ್ಗಕ್ಕೆ ಹಾಕ್ತೀನಿ, ಆ ಮಕ್ಕಳ ಜೊತೆ.

ಮರುದಿನ ಬೆಳಿಗ್ಗೆ ಕೆಲಸದಲ್ಲಿದ್ದಾಗ ಮೇಡಂ ಮಾತು ಮತ್ತೆ ಬಂದು ಕುಕ್ಕಿತು. ಅವನ ಕೆಲಸ ಕಾರು ಓಡಿಸಲು ಕಲಿತವರನ್ನು ಪರೀಕ್ಷೆ ಮಾಡುವುದು. ಪಕ್ಕದ ಸೀಟಿನಲ್ಲಿ ಕೂತು ಎಡಕ್ಕೆ ತಿರುಗಿಸಿ, ಇಲ್ಲಿ ನಿಲ್ಲಿಸಿ, ಹಿಂದೆ ತಗೊಳ್ಳಿ ಎನ್ನುವುದು. ಕಲಿಸುವ ಶಾಲೆಗಳ ಕಾರಿನಲ್ಲಿ ಪಕ್ಕದವನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಸುವವನು ಅವನ್ನು ಒತ್ತಿಕೊಡುತ್ತಿದ್ದರೂ ಕಲಿಯುವವನು ತಾನೇ ಓಡಿಸುತ್ತಿದ್ದೇನೆಂದು ಗತ್ತಿನಲ್ಲಿ ಕೂತಿರುತ್ತಾನೆ. ಪರೀಕ್ಷೆಯ ದಿನ ಆ ಜಾಗದಲ್ಲಿ ಇವನು ಕಾಲು ಮಡಚಿ ಕೂತುಬಿಟ್ಟರೆ ಕಾರು ಕೆಮ್ಮಿ ನಿಂತುಹೋಗುತ್ತದೆ. ಆಗಿನ ಅವರ ಮುಖ ನೋಡುವುದು ಅವನಿಗೆ ಇಷ್ಟ ಎಂದರೆ ತಪ್ಪಾದೀತು, ಆದರೆ ನೋಡದೆ ಬಿಟ್ಟವನೂ ಅಲ್ಲ. ಹಿಂದೊಮ್ಮೆ ಒಬ್ಬ ನಡುವಯಸ್ಸಿನ ಹೆಂಗಸು, ಹಾಸಿಗೆ ಹಿಡಿದ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಅದಕ್ಕೇ ಕಲೀತಿದ್ದೀನಿ ಎಂದು ಕೇಳದೆಯೇ ಹೇಳಿಕೊಂಡವಳು, ಏರಿನಲ್ಲಿ ಕಾರು ಹಿಂದಕ್ಕೆ ಜಾರಿದಾಗ ಎರಡೂ ಕೈಯಿಂದ ಸ್ಟೀರಿಂಗನ್ನು ಎದೆಗೆ ಎಳೆದುಕೊಂಡಿದ್ದಳು, ಎಳೆದರೆ ನಿಂತೀತು ಎನ್ನುವ ಹಾಗೆ. ಅವನು ಲೊಚ್ ಎಂದಿದ್ದ. ಹೌದು, ಅವನೇ. ಅವಳು ಮತ್ತೆ ಪರೀಕ್ಷೆಗೆ ಬರಲಿಲ್ಲ. ಆ ಗಂಡನನ್ನು ಆಮೇಲೆ ಯಾರು ಕರೆದೊಯ್ದರೋ. ಇವತ್ತು ಪಕ್ಕದಲ್ಲಿ ಕೂತಿದ್ದ ಹುಡುಗಿ, "ಸಾರ್, ಹೊರಡ್ಲಾ?" ಎಂದು ಎರಡನೇ ಸಲ ಕೇಳಿದಳು. ಅವನಿಗೆ ಹೊರಡಿ ಎಂದು ಹೇಳಲಿಕ್ಕೂ ಭಯವಾಯಿತು. ಹೇಳಿದರೆ ಹೊರಡುತ್ತಾಳೆ, ಹೇಳದಿದ್ದರೆ ಇಲ್ಲ. ಇಷ್ಟು ಸಣ್ಣ ಸದ್ದಿಗೆ ಇಷ್ಟು ದೊಡ್ಡ ವಾಹನ ಕದಲುತ್ತದಲ್ಲ!

ಮನೆಯಲ್ಲಿ ಇನ್ನೂ ಕೆಟ್ಟದ್ದು ಶುರುವಾಗಿತ್ತು. ಹೆಂಡತಿ ಲೊಚಗುಟ್ಟುವುದನ್ನು ನಿಲ್ಲಿಸಿಬಿಟ್ಟಿದ್ದಳು. ಮೊದಲ ದಿನ ಅವನ ಗಮನಕ್ಕೇ ಬರಲಿಲ್ಲ. ಮಂಗಳವಾರ ಹಾಲಿನ ಪಾತ್ರೆ ಉಕ್ಕಿಸಿದ, ಅವಳು ಬಂದು ಒರೆಸಿದಳು. ಬುಧವಾರ ಬಾಗಿಲ ಬೀಗದ ಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡ, ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ ಮುಗಿಸಿ ಬಂದವಳು ಮೆಟ್ಟಿಲ ಮೇಲೆ ಕೂತಿದ್ದ ಗಂಡನನ್ನು ನೋಡಿ, ತನ್ನ ಚೀಲದಿಂದ ಬೀಗದ ಕೈ ತೆಗೆದು, ಏನೂ ಅನ್ನದೆ ಬಾಗಿಲು ತೆರೆದಳು. ಅವನು ಹೊಸಲಿನ ಹೊರಗೆ ಕಾಯುತ್ತ ನಿಂತ. ಅವಳು ಅಡಿಗೆಮನೆಗೆ ಹೋದಳು, ನೀರು ಬಿಟ್ಟ ಸದ್ದಾಯಿತು, ದೀಪ ಹತ್ತಿತು. ಇವನು ಇನ್ನೂ ಹೊರಗೇ ಇದ್ದ. ತಾನು ಯಾತಕ್ಕೆ ಕಾಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಅವಳು ಅನ್ನದಿದ್ದರೆ ತಾನು ಒಳಗೆ ಹೋಗುವುದೂ ಇಲ್ಲವೇ? ಅಮ್ಮ ತೀರಿಕೊಂಡ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿಯೂ ಹೀಗೇ ನಿಂತಿದ್ದ. ಒಳಗೆ ಅಮ್ಮ ಕಡೆಯುಸಿರು ಎಳೆಯುತ್ತಿದ್ದಳು. ಕೈ ತೊಳೆಯುವ ಬೋಗುಣಿಯ ಮೇಲೆ ಕೈ ಹೇಗೆ ತೊಳೆಯಬೇಕೆಂಬ ಚಿತ್ರಗಳಿದ್ದವು, ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಮತ್ತೆ ಬೆರಳ ಸಂದಿ. ಅವನು ಅದನ್ನೇ ಓದುತ್ತ ಇದ್ದ. ಅಮ್ಮ ಎರಡು ಸಲ ಹೆಸರು ಹಿಡಿದು ಕರೆದಳಂತೆ. ಒಳಗಿದ್ದವಳು ಸೊಸೆ, ಕಣ್ಣು ಮುಚ್ಚಿಸಿದವಳು ಸೊಸೆ. ಹೊರಗೆ ಬಂದು ಅವನ ಒದ್ದೆಯಿಲ್ಲದ ಕೈಗಳನ್ನು ನೋಡಿದಳು, ಲೊಚ್ ಎಂದಳು. ಆಗ ಅವನ ಕಾಲು ಕದಲಿತು. ಆಮೇಲಿನದನ್ನೆಲ್ಲ ಓಡಾಡಿ ಮಾಡಿದವನು ಅವನೇ, ಯಾವುದರಲ್ಲೂ ಕುಂದು ಬರಲಿಲ್ಲ. ಎಂಥ ಮಗ ಎಂದು ನೆಂಟರು ಹೊಗಳಿದರು. ಅವರು ಹೊಗಳುವಾಗ ಅವಳು ಅಲ್ಲೇ ಇದ್ದಳು, ಬಾಯಿ ಬಿಡಲಿಲ್ಲ. ಆ ಉಪಕಾರವನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ.

"ಯಾಕೆ ಏನೂ ಅನ್ನಲ್ಲ ನೀನು?" ಎಂದು ಊಟದ ಹೊತ್ತಿಗೆ ಕೇಳಿಯೇಬಿಟ್ಟ.

"ಏನನ್ನಬೇಕಿತ್ತು?"

"ಬೀಗದ ಕೈ ಒಳಗೆ ಬಿಟ್ಟೆನಲ್ಲ."

"ಲೊಚ್ ಅಂದ ಕೂಡ್ಲೆ ನೀವು ನಡೆಯೋಕೆ ಶುರು ಮಾಡಿಬಿಟ್ರೆ?" ಎಂದಳು. ತಮಾಷೆಗೆ ಹೇಳಹೊರಟದ್ದು ಅರ್ಧ ದಾರಿಯಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಅವಳು ತಟ್ಟೆಯಲ್ಲಿ ಬೆರಳಿನಿಂದ ಗೀರೆಳೆಯುತ್ತ ಕೂತಳು. "ಅವತ್ತು ನಕ್ಕುಬಿಟ್ಟೆ. ರಾತ್ರಿಯೆಲ್ಲ ಯೋಚನೆ ಆಯ್ತು ರೀ. ಹೆಂಡತಿ ಅನ್ನಿಸ್ಕೊಂಡು ಇಷ್ಟು ವರ್ಷ ನಾನು ಮಾಡಿದ್ದು ಅದೇನಾ? ನಿಮ್ಮನ್ನ ಓಡಿಸಿದ್ದಾ?"

ಅಲ್ಲ ಎನ್ನಬೇಕಿತ್ತು. ಗಂಡ ಎನ್ನುವವನು ಅಲ್ಲಿ ಹೇಳಬೇಕಾದ ಮಾತು ಅದೊಂದೇ. ಅವನು ಅನ್ನ ಕಲಸಿದ. ಹೇಳಲು ನಾಲಿಗೆ ಎತ್ತಿದರೆ ಇನ್ನೇನು ಹೊರಬೀಳುತ್ತದೋ ಎಂದು ಹೆದರಿ ತುತ್ತು ತುರುಕಿಕೊಂಡ. ಅವಳು ಎದ್ದು ಕೈ ತೊಳೆದುಕೊಂಡು, "ಭಾನುವಾರ ನಾನು ಬರಲ್ಲ. ಒಬ್ಬರೇ ಹೋಗಿ ಬನ್ನಿ" ಎಂದಳು.

ಒಬ್ಬನೇ ಹೋದ. ಲಾಯದಿಂದ ಬೂದಿಯನ್ನು ಹಿಡಿದು ತರುವಾಗಲೇ ಅಂಗೈ ಬೆವತು ಲಗಾಮು ಜಾರುತ್ತಿತ್ತು. ಜೀನಿನ ಚರ್ಮದ ವಾಸನೆ, ಇಷ್ಟು ವರ್ಷ ಮೂಗಿಗೆ ಹಿತವಾಗಿದ್ದದ್ದು, ಇವತ್ತು ಮೂಗು ತಿರುಗಿಸಿಕೊಳ್ಳುವಂತಿತ್ತು. ರಿಕಾಪಿನ ಬಳೆಗೆ ಪಾದ ಕೊಡಲು ಹೋಗಿ ಎರಡು ಸಲ ತಪ್ಪಿದ. ಮೇಡಂ ನೋಡಿಯೂ ನೋಡದಂತೆ ಬೂಟಿನ ಮಣ್ಣು ಕೆರೆದುಕೊಳ್ಳುತ್ತಿದ್ದರು. ಮೇಲೆ ಕೂತ. ಬೆಂಚು ಖಾಲಿಯಿತ್ತು, ಪಕ್ಕದ ಅಂಗಳವೂ ಖಾಲಿ, ಮಕ್ಕಳಿಗೆ ಇವತ್ತು ರಜೆಯಂತೆ. ಮೇಡಂ ನಡುವೆ ಹೋಗಿ ನಿಂತು, "ಹೂಂ, ನಿಮ್ಮದೇ ಸಾರ್" ಎಂದವರು ತುಟಿ ಹೊಲಿದುಕೊಂಡರು. ಎಲ್ಲೋ ತಗಡಿನ ಮೇಲೆ ಹಕ್ಕಿಯೊಂದು ಕುಪ್ಪಳಿಸುತ್ತಿತ್ತು. ಅದು ಬಿಟ್ಟರೆ ಸದ್ದೇ ಇಲ್ಲ. ಒತ್ತು, ಎಂದುಕೊಂಡ. ಒತ್ತಲಿಲ್ಲ. ಕಾಲು ಅಲ್ಲೇ ಇತ್ತು, ಅವನದೇ ಕಾಲು, ಹೇಳಿದರೆ ಕೇಳುವಂಥದ್ದೇ. ಕುದುರೆ ಕದಲದಿದ್ದರೆ ಹಗ್ಗ, ಮಕ್ಕಳು, ಕಚೇರಿಯಲ್ಲಿ ರಾವುತರ ಕಥೆ. ಇಷ್ಟು ದಿನ ಹೆದರಿದ್ದು ಅದಕ್ಕೆ ಎಂದು ತಿಳಿದಿದ್ದ. ಥೂ, ಅದೆಲ್ಲ ಏನು ಮಹಾ! ಎರಡು ದಿನ ನಕ್ಕು ಮರೆಯುತ್ತಾರೆ. ಈ ಸದ್ದಿಲ್ಲದ ಅಂಗಳದಲ್ಲಿ ಕೂತಾಗ ತಿಳಿಯಿತು, ಅವನಿಗೆ ಭಯವಿದ್ದದ್ದು ಕುದುರೆ ಕದಲೀತು ಎಂದು. ಒತ್ತಿದರೆ ಹೊರಡುತ್ತದೆ. ಹೊರಟರೆ ಹೊರಡಿಸಿದವನು ಅವನು. ಆಮೇಲೆ ಬಿದ್ದರೆ ಬಿದ್ದವನು, ಯಾರಿಗಾದರೂ ಹಾಯ್ದರೆ ಹಾಯಿಸಿದವನು, ಮೊಗಸಾಲೆಯಲ್ಲಿ ನಿಂತಿದ್ದರೆ ನಿಂತವನು, ಎಲ್ಲ ಅವನೇ. ಹಣೆಯಲ್ಲಿ ಬರೆದ ಹಾಗೆ ಆಯಿತು, ಅವಳು ಅಂದಳು ಅದಕ್ಕೆ ಮಾಡಿದೆ ಎನ್ನಲು ಯಾರೂ ಉಳಿಯುವುದಿಲ್ಲ. ತೊಡೆಗಳು ನಡುಗತೊಡಗಿದವು. ನಡುಕ ಜೀನಿನ ಮೂಲಕ ಇಳಿದು ಬೂದಿಯ ಚರ್ಮದ ಮೇಲೆ ಅಲೆಯಾಗಿ ಹೋದದ್ದು ಅವನಿಗೆ ಕಾಣಿಸಿತು. ಅದಕ್ಕೂ ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತು. ಅಮ್ಮಾ, ನನಗೆ ಹೆದರಿಕೆ, ಎಂದ. ಮನಸ್ಸಿನಲ್ಲಿ ಅಂದನೋ ಬಾಯಿ ಬಿಟ್ಟೇ ಅಂದನೋ, ಮೇಡಂ ಅಂತೂ ಮುಖ ಎತ್ತಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಲಗಾಮು ಹೊಟ್ಟೆ ಬಿಟ್ಟು ಮುಂದಕ್ಕೆ ಸರಿಯಿತು. ಕಾಲು ಒತ್ತಿದ.

ಬೂದಿ ಹೊರಟಿತು. ಅಷ್ಟು ಸುಲಭಕ್ಕೆ ಹೊರಟಿತು ಎಂಬುದೇ ಅವನ ಉಸಿರು ಕಟ್ಟಿಸಿತು. ಇಷ್ಟು ವರ್ಷ ಕೇಳಿದ್ದರೆ ಇಷ್ಟು ವರ್ಷವೂ ಹೊರಡುತ್ತಿತ್ತೇನೋ. ಒಂದು ಸುತ್ತು ನಡೆಯಿತು. ಇನ್ನೊಮ್ಮೆ ಒತ್ತಿದ, ಬೇಕೆಂದು ಒತ್ತಿದನೋ ನಡುಕಕ್ಕೆ ಒತ್ತಿತೋ, ನಡಿಗೆ ಕುಲುಕು ಓಟವಾಯಿತು. ಹಲ್ಲು ಕಟಕಟ ಕುಟ್ಟಿಕೊಂಡವು, ಅಂಗಳ ಅವನ ಕೆಳಗೆ ಹಿಂದಕ್ಕೆ ಹರಿಯತೊಡಗಿತು. ಕುದುರೆಯ ಕತ್ತಿನ ಕೂದಲಿಗೆ ಕಣ್ಣು ನೆಟ್ಟು ಅವನು ಜೀವ ಹಿಡಿದುಕೊಂಡಿದ್ದ.

"ಮೇಲೆ ನೋಡಿ ಸಾರ್!" ಮೇಡಂ ಈಗ ಬಾಯಿ ಬಿಟ್ಟರು. "ಅದರ ಕತ್ತು ಎಲ್ಲೂ ಓಡಿಹೋಗಲ್ಲ. ನೀವು ಎಲ್ಲಿ ನೋಡ್ತೀರೋ ಅಲ್ಲಿಗೆ ಹೋಗುತ್ತೆ, ಮೇಲೆ ನೋಡಿ!"

ನೋಡಿದ. ಹುಲ್ಲು ಪೇರಿಸಿಡುವ ಕೊಟ್ಟಿಗೆಯ ಮೂಲೆಯಲ್ಲಿ, ತಗಡಿನ ಮರೆಗೆ, ಯಾರೋ ನಿಂತಿದ್ದರು. ಅವಳು. ಬರುವುದಿಲ್ಲ ಎಂದವಳು ಬಂದು, ಗೋಡೆಗೆ ಅಂಟಿಕೊಂಡು, ಎರಡೂ ಅಂಗೈಗಳನ್ನು ಒಂದರ ಮೇಲೊಂದು ಒತ್ತಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಸದ್ದೊಂದು ತಪ್ಪಿಸಿಕೊಂಡೀತು ಎಂದು. ಕೈಗಳ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಅವನು ಕಣ್ಣು ತೆಗೆಯಲಿಲ್ಲ. ಬೂದಿ ಅಂಗಳದ ಸುತ್ತುದಾರಿ ಬಿಟ್ಟು ನೇರ ಅತ್ತ ತಿರುಗಿತು, ಓಟ ನಡಿಗೆಯಾಯಿತು, ಬೇಲಿಗೆ ಎದೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಆ ಕಣ್ಣುಗಳಲ್ಲಿ ತಾತ್ಸಾರ ಹುಡುಕಿದ. ಇರಲಿಲ್ಲ. ಅವಳು ಹೆದರಿ ಸಾಯುತ್ತಿದ್ದಳು. ಇಪ್ಪತ್ತು ವರ್ಷ ಆ ಸದ್ದು ಕಿವಿಗೆ ಬಿದ್ದೊಡನೆ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದವನು, ಸದ್ದು ಮಾಡಿದ ಮುಖ ಹೇಗಿತ್ತೆಂದು ಒಮ್ಮೆಯೂ ನೋಡಿರಲಿಲ್ಲ.

"ಕೈ ತೆಗಿಯೇ," ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಮೊದಲು ಇಳೀರಿ," ಎಂದಳು ಬೆರಳುಗಳ ಒಳಗಿನಿಂದಲೇ. "ಬಿದ್ದುಬಿಡ್ತೀರಿ. ನಿಮ್ಮ ದಮ್ಮಯ್ಯ, ಮೊದಲು ಇಳೀರಿ."

ಅವನಿಗೂ ಇಳಿಯಬೇಕೆನಿಸಿತು. ಇಳಿದು, ಬೇಲಿ ದಾಟಿ, ಅವಳ ಪಕ್ಕ ಆ ತಗಡಿನ ಮರೆಯಲ್ಲಿ ನಿಂತುಬಿಡೋಣ ಅನ್ನಿಸಿತು. ಹಿಂದಿನಿಂದ ಮೇಡಂ ಏನೂ ಹೇಳಲಿಲ್ಲ.

"ನಂಗೂ ಭಯ ಕಣೇ," ಎಂದ. "ಅವತ್ತು ಆಸ್ಪತ್ರೆಯಲ್ಲೂ ಅಷ್ಟೇ."

"ಗೊತ್ತು," ಎಂದಳು. ಅವಳ ಕೈ ಜಾರಿ ಗದ್ದಕ್ಕೆ ಬಂತು. ಬಾಯಿ ತೆರೆದೇ ಇತ್ತು, ಅದರಿಂದ ಯಾವ ಸದ್ದೂ ಬರಲಿಲ್ಲ. ಅವನು ಅವಳಿಂದ ಕಣ್ಣು ಕಿತ್ತು, ಅಂಗಳದ ಆಚೆ ತುದಿಯ ಕಂಬವನ್ನು ನೋಡಿ, ನಡುಗುವ ಕಾಲನ್ನು ಒತ್ತಿದ.